ಹಠಮಾರಿ ಕುದುರೆಗಳ ತರಬೇತಿ: ಆಹಾರ ಬಹುಮಾನದ ಪದ್ಧತಿ

ಕುದುರೆ ಬೇಕಾದ ವರ್ತನೆಯನ್ನು ತೋರಿದ ಕ್ಷಣದಲ್ಲೇ ಅದಕ್ಕೆ ಇಷ್ಟವಾದ ತಿನಿಸು ಕೊಟ್ಟು, ಆ ವರ್ತನೆ ಮತ್ತೆ ಮತ್ತೆ ಬರುವಂತೆ ಮಾಡುವ ತರಬೇತಿ ಪದ್ಧತಿ. ಮನೋವಿಜ್ಞಾನದ ಪರಿಭಾಷೆಯಲ್ಲಿ ಇದಕ್ಕೆ ಧನಾತ್ಮಕ ಪುನರ್ಬಲನ ಎಂದು ಹೆಸರು. ಸಾಗಣೆಯ ಗಾಡಿ ಹತ್ತಲು ಒಪ್ಪದ, ಗೊರಸು ಎತ್ತಲು ಬಿಡದ, ಸೂಜಿ ಕಂಡರೆ ಹಿಮ್ಮೆಟ್ಟುವ, ಬಯಲಿನಲ್ಲಿ ಕೈಗೆ ಸಿಗದೆ ಓಡುವ, ಪಂದ್ಯದ ಸ್ಟಾರ್ಟಿಂಗ್ ಗೇಟಿನೊಳಗೆ ಕಾಲಿಡದ ಕುದುರೆಗಳಿಗೆ ಈ ಪದ್ಧತಿ ವಿಶೇಷವಾಗಿ ಬಳಕೆಯಾಗುತ್ತದೆ. ಚಾವಟಿ, ಹಗ್ಗ, ಕಡಿವಾಣಗಳ ಒತ್ತಡವನ್ನೇ ನೆಚ್ಚಿದ ಸಾಂಪ್ರದಾಯಿಕ ಕ್ರಮಗಳಿಗಿಂತ ಇದು ಭಿನ್ನ. ತಿನಿಸು ಇದರ ಎದ್ದುಕಾಣುವ ಅಂಗವಾದರೂ ಫಲ ನಿಂತಿರುವುದು ಮೂರು ಸಂಗತಿಗಳ ಮೇಲೆ: ಕುದುರೆ ಏಕೆ ಒಲ್ಲೆನೆನ್ನುತ್ತಿದೆ ಎಂಬುದರ ಪತ್ತೆ, ಬಹುಮಾನ ಕೊಡುವ ಹೊತ್ತು, ಮತ್ತು ಕೆಲಸವನ್ನು ಚಿಕ್ಕ ಚಿಕ್ಕ ಹೆಜ್ಜೆಗಳಾಗಿ ಒಡೆಯುವ ಜಾಣ್ಮೆ.

ಹಠದ ಬೇರುಗಳು

ಹಠಮಾರಿತನ ಸವಾರನಿಗೆ ಕಾಣುವ ಲಕ್ಷಣ. ಕುದುರೆಯ ಕಡೆಯಿಂದ ನೋಡಿದರೆ ಅದರ ಹಿಂದೆ ಸಾಮಾನ್ಯವಾಗಿ ನೋವು, ಭಯ ಅಥವಾ ಹಿಂದಿನ ಕಲಿಕೆ ಇರುತ್ತದೆ.

ನೋವಿನ ಕಾರಣಗಳಲ್ಲಿ ಹೊಂದಿಕೆಯಾಗದ ಜೀನು, ಚೂಪಾದ ದವಡೆ ಹಲ್ಲು, ಬೆನ್ನುನೋವು, ಕಾಲಿನ ಸಣ್ಣ ಕುಂಟು ಮತ್ತು ಹೊಟ್ಟೆಯ ಹುಣ್ಣು ಮುಖ್ಯ. ಇಂಗ್ಲೆಂಡಿನ ಪಶುವೈದ್ಯೆ ಸೂ ಡೈಸನ್ ಮತ್ತು ಅವರ ಸಹೋದ್ಯೋಗಿಗಳು ಸವಾರಿಯಲ್ಲಿರುವ ಕುದುರೆಯ ನೋವನ್ನು ಗುರುತಿಸಲು 24 ವರ್ತನೆಗಳ ಪಟ್ಟಿಯೊಂದನ್ನು 2018ರಲ್ಲಿ ಪ್ರಕಟಿಸಿದರು. ಕಿವಿಯನ್ನು ಹಿಂದಕ್ಕೆ ಒತ್ತಿ ಹಿಡಿಯುವುದು, ಬಾಲವನ್ನು ಬಿಡದೆ ಬೀಸುವುದು, ಬಾಯಿ ತೆರೆದುಕೊಂಡೇ ಇರುವುದು, ಮುಂದೆ ಹೋಗಲು ನಿರಾಕರಿಸುವುದು ಅದರಲ್ಲಿ ಸೇರಿವೆ. ಇವುಗಳಲ್ಲಿ 8 ಅಥವಾ ಹೆಚ್ಚು ವರ್ತನೆಗಳು ಒಟ್ಟಿಗೆ ಕಂಡರೆ ನೋವಿನ ಸಂಭವ ಹೆಚ್ಚು ಎಂಬುದು ಆ ಪಟ್ಟಿಯ ಸೂತ್ರ. ಮೊಂಡುತನ ಎಂದು ದಂಡನೆಗೆ ಗುರಿಯಾಗುವ ಅನೇಕ ವರ್ತನೆಗಳು ಈ ಪಟ್ಟಿಯೊಳಗೇ ಬರುತ್ತವೆ. ಆದ್ದರಿಂದ ತರಬೇತಿಗೆ ಮುನ್ನ ಪಶುವೈದ್ಯರ ತಪಾಸಣೆ ಆಗಿರಬೇಕು.

ಕುದುರೆ ಬೇಟೆಗೆ ಈಡಾಗುತ್ತ ಬಂದ ಹುಲ್ಲುಗಾವಲಿನ ಪ್ರಾಣಿಯಾದ್ದರಿಂದ ಭಯ ಅದರ ಹುಟ್ಟುಗುಣ. ಅಪರಿಚಿತವಾದದ್ದು ಎದುರಾದಾಗ ಓಡುವುದು ಅದರ ಮೊದಲ ಉಪಾಯ. ಓಡಲು ದಾರಿಯಿಲ್ಲದಿದ್ದರೆ ಕಾಲೂರಿ ನಿಲ್ಲುತ್ತದೆ, ಒದೆಯುತ್ತದೆ, ಮುಂಗಾಲೆತ್ತುತ್ತದೆ. ತಲೆಯ ಎರಡು ಪಕ್ಕದಲ್ಲಿರುವ ಕಣ್ಣುಗಳಿಂದ ಅದು ಸುಮಾರು 350 ಡಿಗ್ರಿಯಷ್ಟು ಸುತ್ತನ್ನು ನೋಡಬಲ್ಲದು. ಆದರೆ ಬೆನ್ನ ಹಿಂದೆ, ಹಣೆಯ ಎದುರಿಗೆ ಮತ್ತು ಮೂತಿಯ ಕೆಳಗೆ ಅದಕ್ಕೆ ಕುರುಡು ಜಾಗಗಳಿವೆ. ಬೆಳಕಿನಿಂದ ಕತ್ತಲೆಗೆ ಅದರ ಕಣ್ಣು ಹೊಂದಿಕೊಳ್ಳುವುದು ನಿಧಾನ. ಕತ್ತಲು ತುಂಬಿದ, ಇಕ್ಕಟ್ಟಾದ, ತುಳಿದರೆ ಸದ್ದಾಗುವ ಗಾಡಿಯನ್ನು ಕುದುರೆ ಒಲ್ಲೆನೆನ್ನುವುದಕ್ಕೆ ಇಷ್ಟು ಸಾಕು.

ಮೂರನೆಯದು ಕಲಿಕೆ. ಗಾಡಿಯ ಬಳಿ ಹಿಂದಕ್ಕೆ ಜಗ್ಗಿದಾಗ ಎಳೆಯುವವರು ದಣಿದು ಹಗ್ಗ ಸಡಿಲಿಸಿದರೆ, ಜಗ್ಗಿದರೆ ಬಿಡುಗಡೆ ಸಿಗುತ್ತದೆ ಎಂದು ಕುದುರೆ ಕಲಿಯುತ್ತದೆ. ಮುಂದಿನ ಸಲ ಇನ್ನೂ ಬಲವಾಗಿ ಜಗ್ಗುತ್ತದೆ. ಹೀಗೆ ಅನೇಕ ಕುದುರೆಗಳ ಹಠ ಮನುಷ್ಯರೇ ಅರಿಯದೆ ಕಲಿಸಿದ ಪಾಠವಾಗಿರುತ್ತದೆ.

ಕಲಿಕೆಯ ತತ್ವ

ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ ಒಗಟುಪೆಟ್ಟಿಗೆಯಲ್ಲಿಟ್ಟ ಬೆಕ್ಕುಗಳ ಮೇಲೆ ನಡೆಸಿದ ಪ್ರಯೋಗಗಳನ್ನು 1898ರಲ್ಲಿ ಪ್ರಕಟಿಸಿದರು. ಹಿತವಾದ ಫಲ ಕೊಡುವ ವರ್ತನೆ ಬಲಗೊಳ್ಳುತ್ತದೆ, ಅಹಿತವಾದ ಫಲ ಕೊಡುವುದು ಕುಗ್ಗುತ್ತದೆ ಎಂಬ ಪರಿಣಾಮ ನಿಯಮ ಇಲ್ಲಿಂದ ಹುಟ್ಟಿತು. ಬಿ. ಎಫ್. ಸ್ಕಿನ್ನರ್ 1938ರ ತಮ್ಮ ಗ್ರಂಥದಲ್ಲಿ ಇದನ್ನು ಕ್ರಿಯಾಜನ್ಯ ಅನುಬಂಧನದ ಸಿದ್ಧಾಂತವಾಗಿ ಬೆಳೆಸಿದರು.

ಈ ಸಿದ್ಧಾಂತದ ಪ್ರಕಾರ ವರ್ತನೆಯ ಮೇಲೆ ಪರಿಣಾಮ ಬೀರುವ ಮಾರ್ಗಗಳು ನಾಲ್ಕು. ಹಿತವಾದದ್ದನ್ನು ಕೊಟ್ಟು ವರ್ತನೆಯನ್ನು ಹೆಚ್ಚಿಸುವುದು ಧನಾತ್ಮಕ ಪುನರ್ಬಲನ. ಅಹಿತವಾದದ್ದನ್ನು ತೆಗೆದು ಹೆಚ್ಚಿಸುವುದು ಋಣಾತ್ಮಕ ಪುನರ್ಬಲನ. ಅಹಿತವಾದದ್ದನ್ನು ಹೇರಿ ವರ್ತನೆಯನ್ನು ಕುಗ್ಗಿಸುವುದು ಧನಾತ್ಮಕ ದಂಡನೆ; ಹಿತವಾದದ್ದನ್ನು ಹಿಂತೆಗೆದು ಕುಗ್ಗಿಸುವುದು ಋಣಾತ್ಮಕ ದಂಡನೆ. ಇಲ್ಲಿ ಧನ, ಋಣ ಎಂದರೆ ಕೂಡಿಸುವುದು ಮತ್ತು ಕಳೆಯುವುದು ಮಾತ್ರ. ಒಳ್ಳೆಯದು, ಕೆಟ್ಟದು ಎಂಬ ತೀರ್ಪಲ್ಲ.

ಕುದುರೆ ಸವಾರಿಯ ಬಹುಪಾಲು ಋಣಾತ್ಮಕ ಪುನರ್ಬಲನದ ಮೇಲೆ ನಿಂತಿದೆ. ಸವಾರ ಲಗಾಮು ಎಳೆಯುತ್ತಾನೆ, ಕುದುರೆ ನಿಲ್ಲುತ್ತದೆ, ಲಗಾಮು ಸಡಿಲವಾಗುತ್ತದೆ. ಕಾಲಿನಿಂದ ಪಕ್ಕೆ ಒತ್ತುತ್ತಾನೆ, ಕುದುರೆ ನಡೆಯುತ್ತದೆ, ಒತ್ತು ಹೋಗುತ್ತದೆ. ಒತ್ತಡ ಹಗುರವಾಗಿದ್ದು ಬಿಡುಗಡೆ ತಕ್ಷಣ ಸಿಕ್ಕರೆ ಈ ಕ್ರಮ ಕುದುರೆಗೆ ಸ್ಪಷ್ಟವಾಗಿಯೇ ತಿಳಿಯುತ್ತದೆ. ಕುದುರೆ ಒಪ್ಪದಿದ್ದಾಗ ಒತ್ತಡವನ್ನು ಏರಿಸುತ್ತಲೇ ಹೋಗುವುದರಿಂದ ತೊಡಕು ಶುರುವಾಗುತ್ತದೆ. ಹೆದರಿದ ಪ್ರಾಣಿಗೆ ಹೆಚ್ಚಿನ ಒತ್ತಡ ಹೆಚ್ಚಿನ ಭಯವಾಗಿಯೇ ಮುಟ್ಟುತ್ತದೆ. ಆಹಾರ ಬಹುಮಾನ ಈ ಸುಳಿಯಿಂದ ಹೊರಬರುವ ದಾರಿ: ಕುದುರೆ ತಪ್ಪಿಸಿಕೊಳ್ಳಲು ದುಡಿಯುವ ಬದಲು ಗಳಿಸಲು ದುಡಿಯುತ್ತದೆ. ಜೊತೆಗೆ, ಪದೇ ಪದೇ ತಿನಿಸಿನೊಂದಿಗೆ ಬಂದ ಜಾಗ, ವಸ್ತು, ಮನುಷ್ಯ ತಾವೇ ಹಿತವೆನಿಸತೊಡಗುತ್ತವೆ. ಇದು ಶರೀರವಿಜ್ಞಾನಿ ಪಾವ್ಲೋವ್ ವಿವರಿಸಿದ ಶಾಸ್ತ್ರೀಯ ಅನುಬಂಧನ.

ಇತಿಹಾಸ

ಕುದುರೆಯನ್ನು ನಯದಿಂದ ಕಲಿಸಬೇಕೆಂಬ ವಿಚಾರ ಹಳೆಯದು. ಗ್ರೀಸಿನ ಕ್ಸೆನೊಫನ್ ಕ್ರಿ.ಪೂ. 4ನೆಯ ಶತಮಾನದಲ್ಲಿ ಬರೆದ ಅಶ್ವವಿದ್ಯೆಯ ಗ್ರಂಥದಲ್ಲಿ, ಹೇಳಿದಂತೆ ಮಾಡಿದ ಕುದುರೆಗೆ ಹಿತವನ್ನೂ ಮಾಡದಿದ್ದುದಕ್ಕೆ ಶಿಕ್ಷೆಯನ್ನೂ ಕೊಡಬೇಕೆಂಬ ನಿಯಮವಿದೆ. ಕೋಪದಲ್ಲಿ ಕುದುರೆಯ ಬಳಿ ಹೋಗಬಾರದು ಎಂಬ ಎಚ್ಚರಿಕೆಯೂ ಇದೆ. ಬೆದರಿಸುವ ವಸ್ತುವಿನ ಬಳಿ ಕುದುರೆಯನ್ನು ಹೊಡೆದರೆ ಆ ನೋವಿಗೆ ವಸ್ತುವೇ ಕಾರಣವೆಂದು ಅದು ಭಾವಿಸುತ್ತದೆ ಎಂದು ಅವನು ಗುರುತಿಸಿದ್ದ. ಮರಿಯ ಹಸಿವು ಬಾಯಾರಿಕೆಗಳನ್ನು ತಣಿಸುವವನು ಮನುಷ್ಯನೇ ಎಂದು ಅದಕ್ಕೆ ಮನವರಿಕೆಯಾಗಬೇಕೆಂಬ ಅವನ ಸಲಹೆ, ಆಹಾರದಿಂದ ನಂಟು ಬೆಳೆಸುವ ವಿಚಾರದ ಬಹು ಹಳೆಯ ದಾಖಲೆಗಳಲ್ಲಿ ಒಂದು.

ಯೂರೋಪಿನಲ್ಲಿ 16ನೆಯ ಶತಮಾನದ ಇಟಲಿಯ ಫೆದೆರಿಕೊ ಗ್ರಿಸೋನೆಯ ಗ್ರಂಥ ಕಠಿಣ ದಂಡನೆಗಳನ್ನು ಹೇಳಿತು. ಅದಕ್ಕೆ ಎದುರಾಗಿ ಫ್ರಾನ್ಸಿನ ದೊರೆ 13ನೆಯ ಲೂಯಿಯ ಸವಾರಿ ಗುರು ಆಂತ್ವಾನ್ ದ ಪ್ಲುವಿನೆಲ್ ಕುದುರೆಯ ಬುದ್ಧಿಯನ್ನು ಗೆಲ್ಲುವ ಮೃದು ಕ್ರಮವನ್ನು ಎತ್ತಿ ಹಿಡಿದ. ವಿಯೆನ್ನಾದ ಸ್ಪ್ಯಾನಿಷ್ ರೈಡಿಂಗ್ ಸ್ಕೂಲಿನ ಸವಾರರ ಕೋಟಿನಲ್ಲಿ ಸಕ್ಕರೆ ತುಂಡುಗಳಿಗೆಂದೇ ಒಂದು ಜೇಬು ಇರುತ್ತದೆ. ಅಲ್ಲಿನ ಲಿಪಿಜಾನರ್ ತಳಿಯ ಕುದುರೆ ಕಷ್ಟದ ಭಂಗಿಯೊಂದನ್ನು ಮುಗಿಸಿದಾಗ ಅದರಿಂದ ಬಹುಮಾನ ಹೊರಬರುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಜಾನ್ ರೇರಿ, ಹಠಮಾರಿ ಕುದುರೆಗಳನ್ನು ಸಾಧುವಾಗಿಸುವ ಪ್ರದರ್ಶನಗಳಿಂದ 1858ರಲ್ಲಿ ಇಂಗ್ಲೆಂಡಿನಲ್ಲಿ ಮನೆಮಾತಾದ. ಉಗ್ರವೆಂದು ಹೆಸರಾಗಿದ್ದ ಕ್ರೂಸರ್ ಎಂಬ ಗಂಡುಕುದುರೆ ಅವನ ಕೈಯಲ್ಲಿ ಪಳಗಿತು. ರೇರಿ ಚಾವಟಿಯ ಬದಲು ಮುಂಗಾಲನ್ನು ಪಟ್ಟಿಯಿಂದ ಮಡಿಸಿ ಕಟ್ಟಿ ಕುದುರೆಯನ್ನು ನೆಲಕ್ಕೆ ಒರಗಿಸುತ್ತಿದ್ದ. ಅಂದು ಅದು ದಯೆಯ ವಿಧಾನವೆನಿಸಿತು. ಇಂದಿನ ವರ್ತನಾವಿಜ್ಞಾನಿಗಳು ಇಂಥ ಕ್ರಮದಲ್ಲಿ ಕಾಣುವ ಶಾಂತಿಯನ್ನು ಕಲಿಕೆಯೆನ್ನುವುದಕ್ಕಿಂತ ಅಸಹಾಯಕತೆಯೆಂದು ಶಂಕಿಸುತ್ತಾರೆ.

ಆಹಾರ ಬಹುಮಾನದ ಬಲವೂ ಅಪಾಯವೂ ಒಟ್ಟಿಗೆ ಬಯಲಾದದ್ದು ಬರ್ಲಿನ್ನಿನಲ್ಲಿ. ನಿವೃತ್ತ ಶಾಲಾಮಾಸ್ತರ ವಿಲ್ಹೆಲ್ಮ್ ಫಾನ್ ಓಸ್ಟೆನ್ ತನ್ನ ಕುದುರೆ ಹಾನ್ಸ್‌ಗೆ ಬ್ರೆಡ್ಡು, ಕ್ಯಾರೆಟ್ಟುಗಳನ್ನು ಕೊಡುತ್ತ ಗಣಿತ ಕಲಿಸಿದ್ದ. ಹಾನ್ಸ್ ಗೊರಸು ಬಡಿದು ಲೆಕ್ಕದ ಉತ್ತರ ಹೇಳುತ್ತಿತ್ತು. ವಿದ್ವಾಂಸರ ಮಂಡಲಿಯೊಂದು 1904ರಲ್ಲಿ ಪರೀಕ್ಷಿಸಿ ಮೋಸವೇನೂ ಕಾಣಲಿಲ್ಲವೆಂದಿತು. ಮನೋವಿಜ್ಞಾನಿ ಆಸ್ಕರ್ ಫುಂಗ್‌ಸ್ಟ್ ನಡೆಸಿದ ಪರೀಕ್ಷೆಗಳಲ್ಲಿ ಮಾತ್ರ ನಿಜ ತಿಳಿಯಿತು. ಅವರ ಗ್ರಂಥ 1907ರಲ್ಲಿ ಪ್ರಕಟವಾಯಿತು. ಪ್ರಶ್ನೆ ಕೇಳಿದವನಿಗೇ ಉತ್ತರ ಗೊತ್ತಿಲ್ಲದಿದ್ದರೆ, ಅಥವಾ ಅವನು ಕಣ್ಣಿಗೆ ಬೀಳದಿದ್ದರೆ, ಹಾನ್ಸ್ ಸೋಲುತ್ತಿತ್ತು. ಸರಿಯಾದ ಸಂಖ್ಯೆ ಬಂದಾಗ ಪ್ರಶ್ನಿಸುವವನ ತಲೆ ಅವನಿಗೇ ಅರಿವಿಲ್ಲದೆ ತುಸು ಅಲುಗುವುದನ್ನು ನೋಡಿ ಅದು ಬಡಿಯುವುದನ್ನು ನಿಲ್ಲಿಸುತ್ತಿತ್ತು. ಕುದುರೆ ಗಣಿತ ಕಲಿತಿರಲಿಲ್ಲ, ಯಾವಾಗ ನಿಂತರೆ ಕ್ಯಾರೆಟ್ ಸಿಗುತ್ತದೆ ಎಂಬುದನ್ನು ಕಲಿತಿತ್ತು. ಬಹುಮಾನ ಯಾವುದಕ್ಕೆ ಸಿಕ್ಕಿತೋ ಅದನ್ನೇ ಕುದುರೆ ಕಲಿಯುತ್ತದೆ, ಕಲಿಸುವವನ ಉದ್ದೇಶ ಏನೇ ಇರಲಿ.

ಆಧುನಿಕ ಪದ್ಧತಿ ರೂಪುಗೊಂಡದ್ದು ಕುದುರೆಲಾಯದ ಹೊರಗೆ. ಸ್ಕಿನ್ನರ್ ಅವರ ಶಿಷ್ಯರಾದ ಕೆಲ್ಲರ್ ಬ್ರೆಲೆಂಡ್ ಮತ್ತು ಮರಿಯನ್ ಬ್ರೆಲೆಂಡ್ ದಂಪತಿ ಪ್ರಯೋಗಶಾಲೆಯ ತತ್ವಗಳನ್ನು ವ್ಯಾಪಾರಿ ಮಟ್ಟದ ಪ್ರಾಣಿ ತರಬೇತಿಗೆ ತಂದರು. 1960ರ ದಶಕದಲ್ಲಿ ಹವಾಯಿಯ ಸೀ ಲೈಫ್ ಪಾರ್ಕಿನಲ್ಲಿ ಕ್ಯಾರೆನ್ ಪ್ರಯರ್ ಡಾಲ್ಫಿನ್‌ಗಳಿಗೆ ಸೀಟಿ ಮತ್ತು ಮೀನಿನಿಂದ ಪಾಠ ಹೇಳಿದರು. ನೀರಿನಲ್ಲಿ ಈಜುವ ಪ್ರಾಣಿಗೆ ಲಗಾಮು ಹಾಕುವಂತಿಲ್ಲ, ಹೊಡೆಯಹೋದರೆ ಅದು ದೂರ ಹೋಗುತ್ತದೆ. ಆದ್ದರಿಂದ ಬಹುಮಾನವೊಂದೇ ಅಲ್ಲಿ ಉಳಿದ ಸಾಧನ. ಪ್ರಯರ್ ಅವರ 1984ರ ಪುಸ್ತಕ ಈ ವಿಧಾನವನ್ನು ಜನಸಾಮಾನ್ಯರಿಗೆ ಮುಟ್ಟಿಸಿತು. ಅಮೆರಿಕದ ಅಲೆಕ್ಸಾಂಡ್ರಾ ಕರ್ಲೆಂಡ್ 1998ರಲ್ಲಿ ಕುದುರೆಗಳಿಗೆ ಕ್ಲಿಕ್ಕರ್ ಎಂಬ ಸದ್ದಿನ ಸಾಧನದಿಂದ ತರಬೇತಿ ಕೊಡುವ ಬಗ್ಗೆ ಪುಸ್ತಕ ಬರೆದ ಮೇಲೆ ಇದು ಸವಾರರ ನಡುವೆ ಹರಡಿತು.

ತರಬೇತಿಯ ಕ್ರಮ

ಮೊದಲ ಪಾಠಗಳಲ್ಲಿ ಕುದುರೆ ಮತ್ತು ತರಬೇತುದಾರನ ನಡುವೆ ಬೇಲಿ ಅಥವಾ ಲಾಯದ ಅರೆಬಾಗಿಲು ಇರುವುದು ಕ್ಷೇಮ. ಬಾಯಿಯಿಂದಲೋ ಪುಟ್ಟ ಕ್ಲಿಕ್ಕರ್‌ನಿಂದಲೋ ಒಂದು ಚಿಕ್ಕ, ಸದಾ ಒಂದೇ ತೆರನಾದ ಶಬ್ದ ಮಾಡಿ ಒಡನೆ ತಿನಿಸು ಕೊಡಲಾಗುತ್ತದೆ. ಕೆಲವು ಸಲ ಹೀಗಾದ ಮೇಲೆ ಶಬ್ದ ಕೇಳಿದರೆ ತಿನಿಸು ಖಂಡಿತ ಎಂದು ಕುದುರೆಗೆ ತಿಳಿಯುತ್ತದೆ. ಈ ಶಬ್ದ ವರ್ತನೆಗೂ ತಿನಿಸಿಗೂ ನಡುವಿನ ಸೇತುವೆ. ಕೈ ಚೀಲದೊಳಗೆ ಹೋಗಿ ಬರುವಷ್ಟರಲ್ಲಿ ಕುದುರೆ ಬೇರೇನೋ ಮಾಡಿರುತ್ತದೆ. ಶಬ್ದವಾದರೋ ಸರಿಯಾದ ಕ್ಷಣವನ್ನು ಅಲ್ಲೇ ಗುರುತು ಹಾಕುತ್ತದೆ.

ಮುಂದಿನ ಪಾಠ ಶಿಷ್ಟಾಚಾರ. ಕುದುರೆ ಚೀಲ ಮೂಸಿದರೆ, ಜೇಬಿಗೆ ಮೂತಿ ತೂರಿದರೆ ಏನೂ ಸಿಗುವುದಿಲ್ಲ. ತಲೆಯನ್ನು ನೇರವಾಗಿಟ್ಟುಕೊಂಡು ಅಥವಾ ಆಚೆ ತಿರುಗಿಸಿ ನಿಂತ ಕೂಡಲೇ ಶಬ್ದ, ತಿನಿಸು. ಕೈಯನ್ನು ಚಾಚಿ, ಕುದುರೆಯ ತಲೆ ಇರಬೇಕಾದ ಜಾಗದಲ್ಲೇ ತಿನಿಸು ನೀಡಬೇಕು. ಮೂತಿಯ ಕೆಳಗಿನದು ಕುದುರೆಗೆ ಕಾಣದು. ಅದು ತುಟಿ ಮತ್ತು ಮೀಸೆಕೂದಲಿನ ಸ್ಪರ್ಶದಿಂದ ಹುಡುಕುತ್ತದೆ. ಆದ್ದರಿಂದ ಬೆರಳು ಜೋಡಿಸಿ ಚಪ್ಪಟೆ ಅಂಗೈಯಲ್ಲಿ ಅಥವಾ ಬೋಗುಣಿಯಲ್ಲಿ ಕೊಡುವುದು ರೂಢಿ.

ಆಮೇಲೆ ಗುರಿ ಮುಟ್ಟಿಸುವ ಪಾಠ. ಕೋಲಿನ ತುದಿಗೆ ಕಟ್ಟಿದ ಚೆಂಡನ್ನೋ ಪ್ಲಾಸ್ಟಿಕ್ ಶಂಕುವನ್ನೋ ಹತ್ತಿರ ಹಿಡಿದರೆ ಕುದುರೆ ಕುತೂಹಲದಿಂದ ಮೂಗು ತಾಗಿಸುತ್ತದೆ. ತಾಗಿಸಿದ ಕ್ಷಣ ಬಹುಮಾನ. ಕುದುರೆಯ ಕಣ್ಣಿಗೆ ಕೆಂಪು ಹಸಿರುಗಳ ಭೇದ ಸರಿಯಾಗಿ ತಿಳಿಯದ ಕಾರಣ ಹುಲ್ಲಿನ ಹಿನ್ನೆಲೆಯಲ್ಲಿ ನೀಲಿ ಅಥವಾ ಬಿಳಿಯ ಗುರಿ ಚೆನ್ನಾಗಿ ಎದ್ದು ಕಾಣುತ್ತದೆ. ಗುರಿಯನ್ನು ಹಿಂಬಾಲಿಸಲು ಕಲಿತ ಕುದುರೆಯನ್ನು ಹಗ್ಗ ಎಳೆಯದೆಯೇ ಮುಂದೆ, ಹಿಂದೆ, ಪಕ್ಕಕ್ಕೆ ನಡೆಸಬಹುದು.

ಉಳಿದ ಎಲ್ಲವನ್ನೂ ಹಂತ ಹಂತವಾಗಿ ರೂಪಿಸಲಾಗುತ್ತದೆ. ಗೊರಸು ಕೊಡದ ಕುದುರೆಯಾದರೆ ಮೊದಲು ಹೆಗಲ ಮೇಲೆ ಕೈ ಇಟ್ಟಾಗ ಸುಮ್ಮನಿದ್ದುದಕ್ಕೆ ಬಹುಮಾನ. ಬಳಿಕ ಕೈ ಮೊಣಕಾಲಿಗೆ ಇಳಿದಾಗ. ಭಾರವನ್ನು ಇನ್ನೊಂದು ಕಾಲಿಗೆ ವರ್ಗಾಯಿಸಿದಾಗ. ಗೊರಸು ನೆಲ ಬಿಟ್ಟಾಗ. ಒಂದು ಕ್ಷಣ ಎತ್ತಿ ಹಿಡಿದಾಗ. ಕೊನೆಗೆ ಲಾಳ ಕಟ್ಟುವವನ ಸುತ್ತಿಗೆಯ ಸದ್ದಿಗೂ ಅಲುಗದಿದ್ದಾಗ. ಕುದುರೆ ಎರಡು ಮೂರು ಸಲ ತಪ್ಪಿದರೆ ಹೆಜ್ಜೆ ದೊಡ್ಡದಾಯಿತೆಂದು ತಿಳಿದು ಹಿಂದಿನ ಹಂತಕ್ಕೆ ಇಳಿಯಬೇಕು. ಪಾಠ ಐದು ಹತ್ತು ನಿಮಿಷ ಮೀರದಿದ್ದರೆ ಲೇಸು. ವರ್ತನೆ ನಿಶ್ಚಿತವಾದ ಮೇಲೆ ಅದಕ್ಕೆ ಮಾತಿನ ಅಥವಾ ಕೈಯ ಸಂಜ್ಞೆ ಸೇರಿಸಿ, ಕ್ರಮೇಣ ಒಂದು ಬಹುಮಾನಕ್ಕೆ ಹೆಚ್ಚು ಕೆಲಸ ಕೇಳಲಾಗುತ್ತದೆ.

ಭಯ ಹುಟ್ಟಿಸುವ ಸಂಗತಿಗಳಿಗೆ ಇದರೊಡನೆ ಸಂವೇದನೆ ತಗ್ಗಿಸುವ ಕ್ರಮವನ್ನೂ ಸೇರಿಸಬೇಕಾಗುತ್ತದೆ: ಭಯದ ವಸ್ತುವನ್ನು ಕುದುರೆ ತಡೆದುಕೊಳ್ಳುವಷ್ಟು ದೂರದಿಂದ, ತಡೆದುಕೊಳ್ಳುವಷ್ಟೇ ಪ್ರಮಾಣದಲ್ಲಿ ತೋರಿಸಿ ತಿನಿಸಿನೊಡನೆ ಬೆಸೆಯುವುದು. ಮೈಸೂರು ದಸರೆಯ ಜಂಬೂಸವಾರಿಗೆ ಮುನ್ನ ಆನೆಗಳೊಂದಿಗೆ ಅಶ್ವಾರೋಹಿ ದಳದ ಕುದುರೆಗಳಿಗೂ ಕುಶಾಲತೋಪಿನ ಸದ್ದಿನ ತಾಲೀಮು ನಡೆಯುವುದು ಇಂಥದೇ ಅಗತ್ಯದಿಂದ; ಸಿಡಿತದ ಶಬ್ದ ಮೆರವಣಿಗೆಯ ದಿನ ಹೊಸದಾಗಿರಬಾರದು.

ಗಾಡಿ ಹತ್ತಿಸುವಿಕೆ

ಹಠಕ್ಕೆ ಹೆಸರಾದ ಸನ್ನಿವೇಶಗಳಲ್ಲಿ ಹೆಚ್ಚು ಅಧ್ಯಯನಕ್ಕೆ ಒಳಗಾದದ್ದು ಸಾಗಣೆಯ ಗಾಡಿಯಾದ ಟ್ರೇಲರ್ ಹತ್ತಲು ನಿರಾಕರಿಸುವುದು. ಫರ್ಗ್ಯುಸನ್ ಮತ್ತು ಹೆಸೂಸ್ ರೊಸಾಲೆಸ್-ರೂಯಿಸ್ ಅಮೆರಿಕದಲ್ಲಿ ನಡೆಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಐದು ಕ್ವಾರ್ಟರ್ ಹಾರ್ಸ್ ಹೆಣ್ಣುಕುದುರೆಗಳಿದ್ದವು. ಹಿಂದೆ ಅವನ್ನು ಹತ್ತಿಸಲು ಹಗ್ಗ, ಚಾವಟಿ ಬೇಕಾಗುತ್ತಿತ್ತು. ಸಂಶೋಧಕರು ಅಡುಗೆಮನೆಯ ಬಿಸಿಪಾತ್ರೆ ಹಿಡಿಯುವ ಬಟ್ಟೆಯೊಂದನ್ನು ಗುರಿಯಾಗಿ ಬಳಸಿದರು. ಕುದುರೆಗಳು ಮೊದಲು ಅದನ್ನು ಮೂಗಿನಿಂದ ಮುಟ್ಟಲು, ನಂತರ ಹಿಂಬಾಲಿಸಲು ಕಲಿತವು. ಆ ಬಳಿಕ ಗುರಿ ಸ್ವಲ್ಪ ಸ್ವಲ್ಪವಾಗಿ ಟ್ರೇಲರಿನೊಳಗೆ ಸರಿಯಿತು. ಐದೂ ಕುದುರೆಗಳು ಹತ್ತಲು ಕಲಿತವು. ತಲೆ ಕೊಡವುವುದು, ಮುಂಗಾಲೆತ್ತುವುದು, ತಿರುಗಿ ನಿಲ್ಲುವುದು ಮುಂತಾದವನ್ನು ಯಾರೂ ದಂಡಿಸದಿದ್ದರೂ ಅವು ಮರೆಯಾದವು. ಬೇರೆ ಟ್ರೇಲರ್, ಬೇರೆ ತರಬೇತುದಾರ ಇದ್ದಾಗಲೂ ಕಲಿಕೆ ಉಳಿಯಿತು.

ಡೆನ್ಮಾರ್ಕಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ, ಗಾಡಿ ಹತ್ತದ ಕುದುರೆಗಳನ್ನು ಎರಡು ಗುಂಪು ಮಾಡಿ ಒಂದಕ್ಕೆ ಒತ್ತಡ-ಬಿಡುಗಡೆಯ ಕ್ರಮವನ್ನೂ ಇನ್ನೊಂದಕ್ಕೆ ಬಹುಮಾನದ ಕ್ರಮವನ್ನೂ ಬಳಸಿ ಹೋಲಿಸಿತು. ಬಹುಮಾನದ ಗುಂಪಿನಲ್ಲಿ ಪ್ರತಿ ಪಾಠಕ್ಕೆ ಹಿಡಿದ ಸಮಯವೂ ಕಸಿವಿಸಿಯ ಲಕ್ಷಣಗಳೂ ಕಡಿಮೆಯಾಗಿದ್ದವು.

ಸಂಶೋಧನೆಯ ಫಲಿತಾಂಶಗಳು

ಫ್ರಾನ್ಸಿನ ರೆನ್ ವಿಶ್ವವಿದ್ಯಾಲಯದ ಕರೋಲ್ ಸಾಂಕೆ, ಮಾರ್ಟಿನ್ ಹೌಸ್‌ಬರ್ಗರ್ ಮತ್ತು ಸಂಗಡಿಗರ 2010ರ ಅಧ್ಯಯನಗಳು ಹೆಚ್ಚು ಉಲ್ಲೇಖಕ್ಕೆ ಬರುತ್ತವೆ. ಆಜ್ಞೆ ಕೇಳಿ ಅಲುಗದೆ ನಿಲ್ಲುವುದನ್ನು ಎಳೆಯ ಕುದುರೆಗಳಿಗೆ ಕಲಿಸಿದಾಗ ತಿನಿಸು ಪಡೆದವು ಬೇಗ ಕಲಿತವು, ತಿಂಗಳುಗಳ ನಂತರವೂ ಪಾಠ ನೆನಪಿಟ್ಟವು, ಮನುಷ್ಯರ ಬಳಿಗೆ ತಾವಾಗಿ ಬಂದವು. ಇದೇ ತಂಡ ತಿನಿಸನ್ನೂ ಹೆಗಲೆಲುಬಿನ ಬಳಿ ತುರಿಸುವುದನ್ನೂ ಬಹುಮಾನವಾಗಿ ಹೋಲಿಸಿದಾಗ ತಿನಿಸೇ ಮೇಲಾಯಿತು. ಬೆನ್ನು ತಟ್ಟುವುದು, ಭೇಷ್ ಎನ್ನುವುದು ಸವಾರನಿಗೆ ಬಹುಮಾನವೆನಿಸಿದರೂ ಕುದುರೆಗೆ ತಾನಾಗಿ ಹಾಗೆನಿಸಬೇಕಾಗಿಲ್ಲ.

ನಾರ್ವೆಯ ವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 23 ಕುದುರೆಗಳು ಕ್ಯಾರೆಟ್ ಬಹುಮಾನದಿಂದ ಮೂರು ಚಿಹ್ನೆಗಳ ಅರ್ಥ ಕಲಿತವು: ಕಂಬಳಿ ಹೊದಿಸು, ತೆಗೆ, ಇದ್ದಂತೆ ಇರಲಿ. ಎರಡು ವಾರದೊಳಗೆ ಎಲ್ಲವೂ ಕಲಿತು, ಚಳಿ ಮಳೆಯಲ್ಲಿ ಕಂಬಳಿಯನ್ನೂ ಬಿಸಿಲಿನಲ್ಲಿ ಬಿಡುಗಡೆಯನ್ನೂ ಮೂಗಿನಿಂದ ಮುಟ್ಟಿ ಕೇಳಿದವು. ಈ ಪ್ರಯೋಗದಲ್ಲಿ ಕುದುರೆಯ ಇಷ್ಟವನ್ನು ತಿಳಿಯುವ ಸಾಧನವಾಗಿಯೂ ಬಹುಮಾನದ ಪದ್ಧತಿ ಒದಗಿತು.

ಎಲ್ಲ ಫಲಿತಾಂಶಗಳೂ ಒಂದೇ ದಿಕ್ಕಿಗೆ ಇಲ್ಲ. ಕ್ಲಿಕ್ಕರ್ ಶಬ್ದ ಸೇರಿಸಿದ್ದರಿಂದ, ಬರೀ ತಿನಿಸು ಕೊಡುವುದಕ್ಕಿಂತ ಕಲಿಕೆಯ ವೇಗ ಹೆಚ್ಚಲಿಲ್ಲವೆಂದು ಅಮೆರಿಕದ 2004ರ ಅಧ್ಯಯನವೊಂದು ತೋರಿಸಿತು. ನೆಲದ ಮೇಲೆ ಹಾಸಿದ ಟಾರ್ಪಾಲನ್ನು ದಾಟಿಸುವ 2008ರ ಪ್ರಯೋಗದಲ್ಲಿ ಒತ್ತಡ-ಬಿಡುಗಡೆಯ ಜೊತೆಗೆ ತಿನಿಸು ಕೊಟ್ಟರೂ ಹಿಡಿದ ಸಮಯ ಗಮನಾರ್ಹವಾಗಿ ತಗ್ಗಲಿಲ್ಲ. ಬಹುತೇಕ ಅಧ್ಯಯನಗಳಲ್ಲಿ ಕುದುರೆಗಳ ಸಂಖ್ಯೆ ಕಡಿಮೆ.

ತಿನಿಸು ಮತ್ತು ಪ್ರಮಾಣ

ಕುದುರೆಯ ಹೊಟ್ಟೆ ದೇಹಕ್ಕೆ ಹೋಲಿಸಿದರೆ ಚಿಕ್ಕದು, ಸುಮಾರು 8ರಿಂದ 15 ಲೀಟರ್. ಅದು ದಿನದ ಹೆಚ್ಚಿನ ಹೊತ್ತು ಸ್ವಲ್ಪ ಸ್ವಲ್ಪ ಮೇಯುತ್ತಲೇ ಇರುವ ಪ್ರಾಣಿ. ಜಠರದ ಆಮ್ಲ ಸದಾ ಒಸರುತ್ತದೆ, ಅದನ್ನು ತಣಿಸುವ ಜೊಲ್ಲು ಅಗಿದಾಗ ಮಾತ್ರ ಬರುತ್ತದೆ. ಆದ್ದರಿಂದ ಕಲಿಕೆಗೆ ಹುರುಪು ಬರಲೆಂದು ಉಪವಾಸ ಕೆಡವುವುದು ಹೊಟ್ಟೆಹುಣ್ಣಿಗೆ ದಾರಿ. ಹಸಿದ ಕುದುರೆ ತಿನಿಸಿನ ಮೇಲೆ ಎರಗುವುದರಿಂದ ಪಾಠವೂ ಕೆಡುತ್ತದೆ. ಹುಲ್ಲು ತಿಂದಿರುವ ಕುದುರೆಗೇ ಪಾಠ ಹೇಳಬೇಕು.

ಬಹುಮಾನದ ತುಣುಕು ಚಿಕ್ಕದಾಗಿರಬೇಕು, ಬೇಗ ಅಗಿದು ನುಂಗುವಂತಿರಬೇಕು. ಹುಲ್ಲಿನ ಉಂಡೆ, ಉದ್ದುದ್ದ ಸೀಳಿದ ಕ್ಯಾರೆಟ್, ಸೇಬಿನ ಚೂರು ಸಾಮಾನ್ಯ. ನಮ್ಮಲ್ಲಿ ಕುದುರೆಯ ಮೇವಾಗಿ ಬಂದಿರುವ ನೆನೆಸಿದ ಹುರುಳಿ, ಕಡಲೆಗಳನ್ನೂ ಚಿಟಿಕೆಯಷ್ಟು ಬಳಸಬಹುದು. ಬೆಲ್ಲ, ಸಕ್ಕರೆಗಳು ಕುದುರೆಗೆ ಇಷ್ಟವಾದರೂ ಪದೇ ಪದೇ ಕೊಡುವ ಬಹುಮಾನಕ್ಕೆ ಹೊಂದವು. ಇನ್ಸುಲಿನ್ ಏರುಪೇರಿರುವ ಕುದುರೆಗಳಲ್ಲಿ ಸಕ್ಕರೆ ಗೊರಸಿನ ಉರಿಯೂತಕ್ಕೆ ಕಾರಣವಾಗಬಲ್ಲದು. ಚಾಕೊಲೇಟಿನಲ್ಲಿರುವ ಥಿಯೋಬ್ರೋಮಿನ್ ಪಂದ್ಯದ ಕುದುರೆಗಳಿಗೆ ನಿಷಿದ್ಧ ವಸ್ತು. ಬಹುಮಾನದ ಒಟ್ಟು ತೂಕವನ್ನು ದಿನದ ಮೇವಿನಿಂದ ಕಳೆಯಬೇಕು.

ಟೀಕೆ ಮತ್ತು ಮಿತಿಗಳು

ಕೈಯಿಂದ ತಿನಿಸಿದರೆ ಕುದುರೆ ಕಚ್ಚಲು ಕಲಿಯುತ್ತದೆ ಎಂಬುದು ಸವಾರರ ಹಳೆಯ ಆಕ್ಷೇಪ. ನಿಯಮವಿಲ್ಲದೆ, ಕುದುರೆ ಕೇಳಿದಾಗಲೆಲ್ಲ ಕೊಟ್ಟರೆ ಈ ಮಾತು ನಿಜವೇ. ಮೂತಿ ತೂರಿಸುವುದಕ್ಕೇ ಬಹುಮಾನ ಸಿಕ್ಕಂತಾಗುತ್ತದೆ. ಇದಲ್ಲದೆ, ಪ್ರಾಣಿಯ ಹುಟ್ಟುಗುಣ ಕಲಿತ ವರ್ತನೆಯೊಳಗೆ ನುಸುಳಿ ಅದನ್ನು ಕೆಡಿಸುವ ಬಗೆಯನ್ನು ಬ್ರೆಲೆಂಡ್ ದಂಪತಿ 1961ರಲ್ಲೇ ವಿವರಿಸಿದ್ದರು. ಬಹುಮಾನ ಲಂಚವೆಂಬುದು ಇನ್ನೊಂದು ಟೀಕೆ. ತಿನಿಸನ್ನು ಮೊದಲೇ ತೋರಿಸಿ ಪುಸಲಾಯಿಸುವುದು ಲಂಚ. ಕೆಲಸವಾದ ಮೇಲೆ ಕೊಡುವುದು ಬಹುಮಾನ. ಲಂಚ ಕಂಡ ಕುದುರೆ ಕತ್ತು ಚಾಚಿ ತಿಂದು, ಕಾಲು ನೆಟ್ಟಲ್ಲೇ ಉಳಿಯುವುದುಂಟು.

ಗಂಭೀರವಾದ ಮಿತಿಗಳು ಬೇರೆ. ತಿನಿಸಿನ ಆಸೆ ಭಯವನ್ನು ಮರೆಮಾಚಬಹುದು. ಕುದುರೆ ನಡುಗುತ್ತಲೇ ಮುಂದೆ ಬಂದು, ತಿನಿಸು ಮುಗಿದೊಡನೆ ತಾನೆಲ್ಲಿದ್ದೇನೆಂದು ಕಂಡು ಗಾಬರಿಯಾಗಬಹುದು. ಓಟದ ನಡುವೆ ನಿಲ್ಲಿಸಿ ತಿನಿಸುವುದು ಅಸಾಧ್ಯವಾದ್ದರಿಂದ ಸವಾರಿಯ ವೇಳೆಯ ಬಳಕೆ ನೆಲದ ಮೇಲಿನಷ್ಟು ಸುಲಭವಲ್ಲ. ತುರ್ತಿನಲ್ಲಿ ಹಗ್ಗದ ಒತ್ತಡಕ್ಕೆ ಓಗೊಡುವುದೂ ಕುದುರೆಗೆ ಗೊತ್ತಿರಬೇಕು; ಆದಕಾರಣ ಅನೇಕರು ಹಗುರ ಒತ್ತಡ ಮತ್ತು ಬಹುಮಾನಗಳನ್ನು ಕೂಡಿಸಿ ಬಳಸುತ್ತಾರೆ. ನೋವಿರುವ ಕುದುರೆಯನ್ನು ತಿನಿಸಿನಿಂದ ಕೆಲಸಕ್ಕೆ ಒಪ್ಪಿಸುವುದು ಚಾವಟಿಯಿಂದ ಒಪ್ಪಿಸಿದಷ್ಟೇ ತಪ್ಪು.

ಇಂದಿನ ಸ್ಥಿತಿ

ಮೃಗಾಲಯಗಳಲ್ಲಿ ರಕ್ತದ ಮಾದರಿ ತೆಗೆಯಲು, ಪಾದ ಪರೀಕ್ಷಿಸಲು ಪ್ರಾಣಿಗಳನ್ನು ಸಜ್ಜುಗೊಳಿಸುವ ರೂಢಿಯ ವಿಧಾನ ಈಗ ಬಹುಮಾನದ ಪದ್ಧತಿಯೇ. ಕುದುರೆಗಳ ಲೋಕ ಇದನ್ನು ನಿಧಾನವಾಗಿ ಒಪ್ಪುತ್ತಿದೆ. 2007ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಸವಾರಿ ವಿಜ್ಞಾನ ಸಂಘ, ಕಲಿಕೆಯ ಸಿದ್ಧಾಂತವನ್ನು ಸರಿಯಾಗಿ ಬಳಸುವುದನ್ನು ತನ್ನ ತರಬೇತಿ ತತ್ವಗಳಲ್ಲಿ ಸೇರಿಸಿದೆ. ಅಂತರರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟ 2022ರಲ್ಲಿ ಅಶ್ವ ನೀತಿ ಮತ್ತು ಕ್ಷೇಮದ ಆಯೋಗವನ್ನು ನೇಮಿಸಿತು; ಕ್ರೀಡೆಯಲ್ಲಿ ಕುದುರೆಯ ಬಳಕೆಗೆ ಸಮಾಜದ ಒಪ್ಪಿಗೆ ಉಳಿಯಬೇಕಾದರೆ ತರಬೇತಿಯ ರೀತಿಗಳೂ ಪರೀಕ್ಷೆಗೆ ಒಳಪಡಬೇಕೆಂಬ ಚರ್ಚೆ ಇದರಿಂದ ಬಲಗೊಂಡಿತು. ನೆಲದ ಮೇಲಿನ ನಿರ್ವಹಣೆ, ಪಶುವೈದ್ಯಕೀಯ ಚಿಕಿತ್ಸೆ, ಸಾಗಣೆ ಮತ್ತು ದೌರ್ಜನ್ಯಕ್ಕೊಳಗಾದ ಕುದುರೆಗಳ ಪುನರ್ವಸತಿಯಲ್ಲಿ ಆಹಾರ ಬಹುಮಾನದ ಉಪಯುಕ್ತತೆ ಈಗ ಬಹುಮಟ್ಟಿಗೆ ಸ್ಥಿರಪಟ್ಟಿದೆ. ಸವಾರಿ, ಓಟ ಮತ್ತು ಉನ್ನತ ಸ್ಪರ್ಧೆಗಳಲ್ಲಿ ಅದು ಒತ್ತಡದ ಜಾಗವನ್ನು ಎಷ್ಟರಮಟ್ಟಿಗೆ ತುಂಬಬಲ್ಲದೆಂಬುದು ಮುಂದಿನ ಸಂಶೋಧನೆಯ ವಿಷಯ.